ಅಂಗಳ ಸುತ್ತಿ ಬಂದ ರಸೀದಿ

ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಹೊದಿಸುವ ಬಟ್ಟೆ ಹೊಲಿದವಳು ನಾನು. ಅಂಚಿಗೆ ಹಸಿರು ದಾರದ ಕಸೂತಿ ಹಾಕಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನಲ್ಲಿ ಆಗ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದೆವು. ಟೈಪಿಸ್ಟ್ ಎಂದು ಸೇರಿದ್ದ ನಾನು ಅದರ ಮುಂದೆ ಕೂತು ಫೀಸಿನ ರಸೀದಿ, ವರ್ಗಾವಣೆ ಪತ್ರ, ಪರೀಕ್ಷೆಯ ಅರ್ಜಿ ಎಲ್ಲ ತೆಗೆಯುವುದನ್ನು ಕಲಿತೆ. ಬೇಸಿಗೆಯ ಮಧ್ಯಾಹ್ನ ಟೇಬಲ್ ಫ್ಯಾನನ್ನು ನನ್ನ ಕಡೆಯಿಂದ ಅದರ ಬೆನ್ನಿನ ಕಡೆಗೆ ತಿರುಗಿಸುತ್ತಿದ್ದೆ. ನಾನು ಬೆವೆತರೂ ಸರಿ, ಅದು ಬಿಸಿಯಾಗಬಾರದು. ಯಾರಾದರೂ ಬಂದು "ಸ್ವಲ್ಪ ನೋಡ್ಲೇನ್ರಿ" ಎಂದು ಅದರ ಕೀಲಿಮಣೆ ಮೇಲೆ ಬೆರಳಿಟ್ಟರೆ ಸಾಕು, ನನ್ನ ಸೆರಗನ್ನೇ ಎಳೆದಂತಾಗುತ್ತಿತ್ತು.

ಕೆಲವು ವರ್ಷಕ್ಕೆ ನನ್ನ ಮೈದುನನ ಮದುವೆಯಾಯಿತು. ಬಂದ ಹುಡುಗಿ ಹೊಸಪೇಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಅದೇ ವರ್ಷ ಕಾಲೇಜಿನ ಅಂಗಳದಾಚೆ ಹೊಸ ಕಟ್ಟಡದಲ್ಲಿ ಲ್ಯಾಬ್ ಶುರುವಾಗುತ್ತಿತ್ತು. "ನಮ್ಮ ಮನಿಯಾಗ ಒಬ್ಬಾಕಿ ಅದಾಳ್ರಿ, ಓದ್ಯಾಳ" ಎಂದು ಪ್ರಿನ್ಸಿಪಾಲರಿಗೆ ಹೇಳಿದವಳು ನಾನೇ. ಮೊದಲ ದಿನ ಜೊತೆಗೆ ಕರೆದುಕೊಂಡು ಹೋದವಳೂ ನಾನೇ. ದಾರಿಯಲ್ಲಿ ಅವಳ ಸೀರೆಯ ನೆರಿಗೆ ಜಾರಿದಾಗ ಬೇವಿನ ಮರದ ಮರೆಗೆ ನಿಲ್ಲಿಸಿ ಸರಿಮಾಡಿದ್ದೆ.

ತಿಂಗಳು ತುಂಬುವುದರೊಳಗೆ ಅವಳು 'ಮೇಡಂ' ಆದಳು. ನಾನು ಅಷ್ಟು ವರ್ಷ ದುಡಿದೂ 'ಅಮ್ಮಾರು' ಆಗಿಯೇ ಇದ್ದೆ. ಅವಳಿಗೆ ಗಾಲಿ ಇರುವ ಕುರ್ಚಿ ಕೊಟ್ಟರು. ಲ್ಯಾಬಿಗೆ ಎ.ಸಿ. ಹಾಕಿಸಿದರು. ಯಂತ್ರಗಳಿಗೆಂದು ಹಾಕಿಸಿದ್ದಾದರೂ ತಣ್ಣಗೆ ಕೂತವಳು ಅವಳಲ್ಲವೇ? ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದರೆ, ಅವಳ ಮುಖ ಬೆಳಿಗ್ಗೆ ಪೌಡರ್ ಹಚ್ಚಿದ ಹಾಗೆಯೇ ಇರುತ್ತಿತ್ತು. ನನ್ನದು ಕರಗಿ ಕತ್ತಿನವರೆಗೆ ಇಳಿದಿರುತ್ತಿತ್ತು.

ಇಬ್ಬರೂ ತಾತ್ಕಾಲಿಕ ನೌಕರರೇ. ಒಂದು ದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ನೋಡ್ರಮ್ಮಾ, ಈ ವರ್ಷ ಒಂದು ಪೋಸ್ಟ್ ಕಾಯಂ ಮಾಡ್ತೀವಿ. ನಿಮ್ಮಿಬ್ಬರಾಗ ಒಬ್ಬರಿಗೆ. ದೀಪಾವಳಿ ಹೊತ್ತಿಗೆ ಹೇಳ್ತೀವಿ." ಒಂದೇ ಮನೆಯ ಸೊಸೆಯರು ಎನ್ನುವುದು ಅವರಿಗೆ ಗೊತ್ತಿತ್ತು. "ಯಾರಿಗೆ ಸಿಕ್ರೂ ನಿಮ್ಮ ಮನಿಗೇ ಅಲ್ಲೇನು" ಎಂದು ನಕ್ಕರು. ನಾವೂ ನಕ್ಕೆವು. ನನ್ನ ನಗು ಹಲ್ಲಿನಲ್ಲೇ ನಿಂತಿತ್ತು.

ನಮ್ಮ ಮನೆ ಒಂದು, ಒಲೆ ಎರಡು. ಮೈದುನನ ಮದುವೆಯಾದ ವರ್ಷವೇ ಅತ್ತೆ ಅಡುಗೆಮನೆಯ ನಡುವೆ ಆಳೆತ್ತರದ ಗೋಡೆ ಎಬ್ಬಿಸಿ, "ಈಗ ಬ್ಯಾರೆ ಆದ್ರ ಚಂದಾಗಿ ಇರ್ತೀರಿ" ಎಂದಿದ್ದರು. ಗೋಡೆಯ ಆಚೆ ಅವಳು ಒಗ್ಗರಣೆ ಹಾಕಿದರೆ ಈಚೆ ನಾನು ಸೀನುತ್ತಿದ್ದೆ. ಆದರೆ ಏನಾದರೂ ಬೇಕಾದರೆ ಗೋಡೆಯ ಮೇಲಿಂದ ಕೇಳುವ ಪದ್ಧತಿ ಇರಲಿಲ್ಲ. ಪಡಸಾಲೆಗೆ ಹೋಗಿ ಮಂಚದ ಮೇಲಿದ್ದ ಅತ್ತೆಗೆ ಹೇಳಬೇಕು. ಅತ್ತೆ ಆ ಕಡೆಯ ಬಾಗಿಲಿಗೆ ಹೋಗಿ ಕೇಳಿ ತರಬೇಕು.

"ಅತ್ತೀ, ಆಕಿ ಕಡೆ ಖಾರಪುಡಿ ಐತೇನು ಕೇಳ್ರಿ. ಮೇಡಂ ಮನಿ ಅಲ್ಲೇನು, ಇದ್ದೇ ಇರ್ತೈತಿ."

ಅತ್ತೆ ಎದ್ದು ಹೋಗಿ, "ಸಣ್ಣಾಕಿ, ಒಂದೀಟು ಖಾರಪುಡಿ ಕೊಡವ್ವ" ಅನ್ನುತ್ತಿದ್ದರು. ಮೇಡಂ ಎಂಬ ಮಾತು ಪಡಸಾಲೆ ದಾಟುತ್ತಿರಲಿಲ್ಲ. ಆ ಕಡೆಯಿಂದಲೂ ಖಾರಪುಡಿಯ ಜೊತೆಗೆ ಏನೋ ಒಂದು ಬಂದೇ ಇರುತ್ತದೆಂದು ನನಗೆ ಅನುಮಾನ. ಅತ್ತೆ ಅದನ್ನೂ ಮಂಚದ ಕೆಳಗೇ ಇಟ್ಟುಬಿಡುತ್ತಿದ್ದರು.

ಮಾತು ಪೂರ್ತಿ ನಿಂತದ್ದು ಸ್ವಿಚ್ಚು ಬಂದ ಮೇಲೆ. ಸಾಲಾಗಿ ತೂತುಗಳಿರುವ, ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆ ಅದು. ಅಂಥವು ಎರಡು ಬಂದವು. ದೊಡ್ಡದು ಅಂಗಳದ ಈಚೆಯ ಆಫೀಸಿಗೆ, ಸಣ್ಣದು ಆಚೆಯ ಲ್ಯಾಬಿಗೆ. ನಡುವೆ ಅಂಗಳದ ನೆಲದಡಿ ಪೈಪಿನೊಳಗೆ ಒಂದೇ ತಂತಿ. ಜೋಡಿಸಲು ಬಂದವರು ಹರಪನಹಳ್ಳಿಯವರು, ರೇಡಿಯೊ ರಿಪೇರಿ ಮಾಡುತ್ತಿದ್ದ ಸಾಬರ ಮನೆತನ. ತಂದೆ ರೇಡಿಯೊ ಬಿಚ್ಚುತ್ತಿದ್ದ ಅಂಗಡಿಯಲ್ಲೇ ಈಗ ಮಗ ನೆಟ್‌ವರ್ಕ್ ಕೆಲಸ ಹಿಡಿದಿದ್ದರು. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು.

ಆಗ ಫೀಸಿನ ಕೌಂಟರ್ ಆಫೀಸಿನಲ್ಲಿರಲಿಲ್ಲ. ಹುಡುಗರ ಸಾಲಿಗೆ ಜಾಗ ಸಾಲದೆ ನನ್ನನ್ನು ಲ್ಯಾಬ್ ಕಟ್ಟಡದ ಮುಂದಿನ ಕೋಣೆಗೆ ಹಾಕಿದ್ದರು. ಅಂದರೆ ನಾನು ಆಫೀಸಿನವಳು, ಕೂರುವುದು ಅವಳ ಹೊಸ್ತಿಲಲ್ಲಿ. ನನ್ನ ಕಂಪ್ಯೂಟರಿನ ತಂತಿ ಸೇರುವುದು ಅವಳ ಸ್ವಿಚ್ಚಿಗೆ.

"ಲ್ಯಾಬಿನ ಹುಡುಗರು ಆಫೀಸಿನ ಕಂಪ್ಯೂಟರಿಗೆ ಕೈ ಹಾಕಬಾರದು. ಅದಕ್ಕ ಎರಡು ಭಾಗ ಮಾಡೀನ್ರಿ" ಎಂದು ಭಾಯಿ ಎಲ್ಲರಿಗೂ ವಿವರಿಸಿದರು. "ಪೆಟ್ಟಿಗಿ ಒಂದ, ಒಳಗ ಕಾಣದ ಗೋಡಿ. ಮ್ಯಾಲಿನ ಸಾಲಿನ ತೂತು ಲ್ಯಾಬಿಂದು, ಕೆಳಗಿನ ಸಾಲು ಆಫೀಸಿಂದು. ಇದಕ್ಕ ವಿ-ಲ್ಯಾನ್ ಅಂತಾರ. ಒಂದ ಮನಿಯಾಗ ಎರಡು ಒಲಿ ಹೂಡಿದಂಗ ಅಂತ ತಿಳೀರಿ, ಅಕ್ಕಾರ."

ಅವರಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ನಾನು ಗೋಡೆ ನೋಡಿದೆ. ಅವಳು ಕಿಟಕಿ ನೋಡಿದಳು.

ಒಳ್ಳೆಯ ಪ್ರಿಂಟರ್ ಇದ್ದದ್ದು ಒಂದೇ, ಅದು ಲ್ಯಾಬಿನ ಪಾಲಿನದು. ನನ್ನ ಕುರ್ಚಿಯಿಂದ ಕತ್ತು ಚಾಚಿದರೆ ಕಾಣುವಷ್ಟು ಹತ್ತಿರದಲ್ಲಿತ್ತು. ರಸೀದಿ ಅದರಲ್ಲೇ ಬರಬೇಕು. ನಾನು ಗುಂಡಿ ಒತ್ತಿದ ಮೇಲೆ ಅದು ಒಂದು ಉಸಿರು ಎಳೆದುಕೊಂಡು ನಂತರ ಕಾಗದ ಬಿಡುತ್ತಿತ್ತು. ಇಷ್ಟು ಹತ್ತಿರವಿದ್ದೂ ಯಾಕೆ ತಡ ಎಂದು ಕೇಳಿದ್ದಕ್ಕೆ ಭಾಯಿ ನಕ್ಕರು.

"ಹತ್ರ ಎಲ್ಲೈತ್ರಿ? ನೀವು ಕೆಳಗಿನ ಸಾಲಿನವರು, ಪ್ರಿಂಟರ್ ಮ್ಯಾಲಿನ ಸಾಲಿಂದು. ಈ ಸಣ್ಣ ಪೆಟ್ಟಿಗಿಗೆ ಅವೆರಡನ್ನೂ ಕೂಡಿಸೋ ಅಧಿಕಾರ ಇಲ್ಲ. ನಿಮ್ಮ ರಸೀದಿ ಇಲ್ಲಿಂದ ಅಂಗಳ ದಾಟಿ ಆಫೀಸಿನ ದೊಡ್ಡ ಪೆಟ್ಟಿಗಿಗೆ ಹೋಗತೈತಿ. ಅದು 'ಹ್ಞೂ, ಹೋಗು' ಅಂದ ಮ್ಯಾಲೆ ಅದ ತಂತಿ ಹಿಡಕೊಂಡು ತಿರುಗಿ ಇಲ್ಲಿಗೇ ಬರತೈತಿ. ತಡ ಆಗೋದು ಮಾತ್ರ ಅದರಿಂದ ಅಲ್ರಿ, ಅದು ಕಣ್ಣು ಮಿಟುಕಿಸೋದ್ರಾಗ ಹೋಗಿ ಬರತೈತಿ. ನಿಮ್ಮ ಪ್ರಿಂಟರ್ರೇ ಸೋಮಾರಿ."

ನನಗೆ ಮಿಕ್ಕದ್ದು ಮರೆತುಹೋಯಿತು, ಅಂಗಳ ದಾಟಿ ಹೋಗಿ ಬರುವುದೊಂದೇ ಉಳಿಯಿತು. ಆಮೇಲೆ ಪ್ರತಿ ರಸೀದಿಗೂ, ಬಿಸಿಲಲ್ಲಿ ಬರಿಗಾಲಲ್ಲಿ ಅಂಗಳ ದಾಟಿ ಹೋಗಿ, ಅಪ್ಪಣೆ ಕೇಳಿ, ತಿರುಗಿ ಬರುವ ಯಾರೋ ಒಬ್ಬರು ನನ್ನ ಕಣ್ಣಿಗೆ ಕಾಣುತ್ತಿದ್ದರು. ಅವಳ ಹುಡುಗರು ಗುಂಡಿ ಒತ್ತಿದರೆ ಎಲ್ಲಿಗೂ ಹೋಗಬೇಕಿಲ್ಲ, ಅಲ್ಲಿಂದಲ್ಲಿಗೇ.

ಕೆಲಸ ಮುಗಿಸಿ ಹೊರಡುವಾಗ ಭಾಯಿ, "ಪಾಸ್‌ವರ್ಡ್ ಯಾರಿಗೆ ಹೇಳ್ಲಿ?" ಎಂದು ಕೇಳಿದರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಪ್ರಿನ್ಸಿಪಾಲರು ನನ್ನ ತಲೆಯ ಮೇಲಿಂದ ನೋಡಿ, "ಮೇಡಂಗೆ ಹೇಳ್ರಿ" ಎಂದರು. ಭಾಯಿ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಅವಳು ತುಟಿ ಅಲ್ಲಾಡಿಸಿ ಬಾಯಿಪಾಠ ಮಾಡಿಕೊಂಡಳು. ಕಸೂತಿ ಬಟ್ಟೆ ಹೊಲಿದವಳ ಕೈಯಲ್ಲಿ ಚಹಾ ಆರುತ್ತಿತ್ತು.

ಸಂಜೆ ದಾರಿಯಲ್ಲಿ ಕೇಳಿದೆ: "ನನಗೂ ಹೇಳಿಡು. ನೀ ರಜಾ ಹಾಕಿದಾಗ ಬೇಕಾಗತೈತಿ."

"ಅದನ್ನ ಯಾರಿಗೂ ಹೇಳಂಗಿಲ್ಲಕ್ಕ. ರೂಲ್ಸ್ ಹಂಗ ಐತಿ."

"ನಾನೂ ಯಾರೋ ಆದ್ನೇನು?"

ಮಾರನೆಯ ದಿನದಿಂದ ನಾನು ಕಾಲು ಗಂಟೆ ಮುಂಚೆ ಮನೆ ಬಿಡತೊಡಗಿದೆ. ಮನೆಯಲ್ಲಿ ಮಾತು ಅತ್ತೆಯ ಮುಖಾಂತರ, ಕಾಲೇಜಿನಲ್ಲಿ ಮಾತೇ ಇಲ್ಲ.

ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ತಕ್ಕಡಿಯಿಂದ ಟ್ರ್ಯಾಕ್ಟರಿನವರೆಗೆ ತೊಳೆಯದೆ ಉಳಿಯುವುದು ಯಾವುದೂ ಇಲ್ಲ. ಲ್ಯಾಬಿನಲ್ಲಿ ನೀರು ಹಾಕುವಂತಿಲ್ಲವಾದ್ದರಿಂದ ಅವಳು ಒಣ ಬಟ್ಟೆ ಹಿಡಿದಳು. ಸ್ವಿಚ್ಚಿನ ತಂತಿಗಳೆಲ್ಲ ಧೂಳು ಹಿಡಿದು ಹಾಳು ಬಾವಿಯ ಬೇರಿನ ಹಾಗೆ ಜೋತುಬಿದ್ದಿದ್ದವು. ಎಲ್ಲವನ್ನೂ ಕಿತ್ತಳು. ಒಂದೊಂದನ್ನೇ ಒರೆಸಿದಳು. ತೂತುಗಳ ಪಕ್ಕ ಭಾಯಿ ಅಂಟಿಸಿದ್ದ ಪುಟ್ಟ ಚೀಟಿಗಳು ಅರ್ಧ ಹರಿದು ಅಸಹ್ಯವಾಗಿದ್ದವು, ಅವನ್ನೂ ಉಗುರಿನಿಂದ ಕೆರೆದು ತೆಗೆದಳು. ಆಮೇಲೆ ತಂತಿಗಳನ್ನು ಮೂರು ಮೂರಾಗಿ ಜಡೆ ಹೆಣೆದು, ಗಿಡ್ಡವನ್ನು ಮೇಲಿನ ಸಾಲಿಗೆ, ಉದ್ದವನ್ನು ಕೆಳಗಿನ ಸಾಲಿಗೆ ಚುಚ್ಚಿದಳು. ಸ್ವಿಚ್ಚಿನ ನೆತ್ತಿಗೆ ವಿಭೂತಿ ಎಳೆದು ಕುಂಕುಮ ಇಟ್ಟು, ಚೆಂಡುಹೂ ಮುಡಿಸಿದಳು. ನಿಜ ಹೇಳಬೇಕೆಂದರೆ ಮದುಮಗಳ ಹಾಗೆ ಕಾಣುತ್ತಿತ್ತು.

ಪೂಜೆಗೆ ಬಂದ ಕಾರ್ಯದರ್ಶಿಗಳು ಅದರ ಮುಂದೆ ನಿಂತುಬಿಟ್ಟರು. "ಭಾಳ ಚಂದ ಮಾಡಿಯವ್ವ! ಇದನ್ನ ನೋಡಿ ಕಲೀಬೇಕು." ನಾನು ನನ್ನ ಕಂಪ್ಯೂಟರಿಗೆ ನಿಂಬೆಹಣ್ಣು ಕೊಯ್ದು ಇಟ್ಟಿದ್ದೆ. ಅದನ್ನು ಯಾರೂ ನೋಡಲಿಲ್ಲ. ಮಂಡಕ್ಕಿ, ಬಾಳೆಹಣ್ಣು ಹಂಚಿ ಬೀಗ ಹಾಕಿದರು.

ರಜೆ ಮುಗಿದು ಬಾಗಿಲು ತೆರೆದ ದಿನವೇ ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ. ಬೆಳಿಗ್ಗೆಯೇ ಸಾಲು ಬೇವಿನ ಮರದವರೆಗೆ ಬೆಳೆದಿತ್ತು. ನಾನು ಗುಂಡಿ ಒತ್ತಿದೆ. ರಸೀದಿ ಬರಲಿಲ್ಲ. ಮತ್ತೆ ಒತ್ತಿದೆ. ಹಳೆಯ ಬಾಕಿ ನೋಡೋಣವೆಂದರೆ ಆಫೀಸಿನ ಕಂಪ್ಯೂಟರಿಗೂ ಸಂಪರ್ಕ ಸಿಗಲಿಲ್ಲ. ಆ ಹೊತ್ತಿಗೇ ಒಳಗೆ ಪ್ರಿಂಟರ್ ಗರಗರ ಎಂದಿತು. ಆಸೆಯಿಂದ ಓಡಿ ನೋಡಿದರೆ, ಅವಳದು. ಲ್ಯಾಬಿನ ಪ್ರಶ್ನೆಗಳ ಹಾಳೆ ಒಂದರ ಹಿಂದೆ ಒಂದು ಬೆಚ್ಚಗೆ ಬಂದು ಬೀಳುತ್ತಿತ್ತು.

ಅವಳದು ಬರುತ್ತದೆ, ನನ್ನದು ಬರುವುದಿಲ್ಲ. ಕಾರ್ಯದರ್ಶಿಗಳು ಮಧ್ಯಾಹ್ನ ಬರುವವರಿದ್ದರು. ಅವರು ಬಂದಾಗ ಕಾಣುವುದು ಏನು? ಜಡೆ ಹೆಣೆದ ಲ್ಯಾಬು, ನಿಂತುಹೋದ ಕೌಂಟರು. ಕಾಯಂ ಯಾರಾಗಬೇಕು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

"ಅಮ್ಮಾರ, ತಂಬ್ರಹಳ್ಳಿ ಬಸ್ ತಪ್ಪತೈತ್ರಿ" ಎಂದು ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಗೋಗರೆದಳು.

"ನನ್ನ ಬಸ್ಸೂ ತಪ್ಪಾಕ ಹತ್ತೈತಿ, ತಡಿಯವ್ವ" ಎಂದು ಎದ್ದೆ.

ಭಾಯಿ ಆ ದಿನ ಹಡಗಲಿಯಲ್ಲಿ ಬೇರೆ ಕೆಲಸದ ಮೇಲಿದ್ದರು. ಫೋನು ಇದ್ದದ್ದು ಆಫೀಸಿನಲ್ಲಿ. ನಾನು ಅಂಗಳ ದಾಟಿ ಹೋಗಿ ಕಿಟಕಿಯ ಪಕ್ಕ ರಿಸೀವರ್ ಹಿಡಿದೆ. ಸ್ವಿಚ್ಚಿನ ಹತ್ತಿರ ಯಾರಾದರೂ ನಿಲ್ಲಬೇಕಲ್ಲ, ಅವಳು ನಿಂತಳು. ನಡುವೆ ಮಾತು ಸಾಗಿಸಲು ಕಾಲೇಜಿನ ಕಸ ಹೊಡೆಯುವ ಆಯಾಳನ್ನು ಅಂಗಳದಲ್ಲಿ ನಿಲ್ಲಿಸಿದೆವು. ವಯಸ್ಸಾದ ಹೆಂಗಸು, ಗಂಟಲು ಮಾತ್ರ ಬಸ್ ನಿಲ್ದಾಣದ್ದು.

"ಪೂಜಿಗೆ ತಂತಿ ಏನಾರ ಬಿಚ್ಚಿದ್ರೇನ್ರಿ?" ಎಂದರು ಭಾಯಿ ಫೋನಿನಲ್ಲಿ. "ನಿಮ್ಮ ತಂತಿ ಈಗ ಯಾವ ಸಾಲಿನಾಗ ಐತಿ ಕೇಳ್ರಿ."

ನಾನು ಕಿಟಕಿಯಿಂದ ಆಯಾಳಿಗೆ ಹೇಳಿದೆ: "ನನ್ನ ತಂತಿ ಯಾವ ಸಾಲಿಗೆ ತುರುಕ್ಯಾಳ ಕೇಳು ಆಕಿನ್ನ."

ಆಯಾ ತಿರುಗಿ ನಿಂತು ಕೂಗಿದಳು: "ಸಣ್ಣಕ್ಕಾರ! ದೊಡ್ಡಕ್ಕಾರ ತಂತಿ ಯಾವ ಸಾಲಿಗೆ ತುರುಕೀರಂತ!"

ಆ ಕಡೆಯಿಂದ ಏನೋ ಬಂತು. ಆಯಾ ಈ ಕಡೆ ತಿರುಗಿದಳು: "ತುರುಕಿಲ್ಲಂತ್ರಿ, ಚಂದಾಗಿ ಇಟ್ಟಾರಂತ! ಮ್ಯಾಲಿನ ಸಾಲಂತ! ಕಣ್ಣಿದ್ರ ಬಂದು ನೋಡ್ಬೇಕಂತ!"

ಅತ್ತೆ ಇಷ್ಟು ವರ್ಷ ಮಂಚದ ಕೆಳಗೆ ಇಟ್ಟದ್ದೆಲ್ಲ ಹೀಗೆಯೇ ಇದ್ದಿರಬೇಕು. ಆಯಾ ಒಂದು ಅಕ್ಷರವನ್ನೂ ಇಟ್ಟುಕೊಳ್ಳುವವಳಲ್ಲ.

"ಬೇಕಂತಲೇ ಮಾಡ್ಯಾಳ" ಎಂದೆ.

"ಯಾರ್ರೀ, ನಾನೇನು?" ಎಂದರು ಭಾಯಿ.

"ನಿಮಗಲ್ರಿ ಭಾಯಿ. ಇಲ್ಲಿ ಒಬ್ಬಾಕಿ ಅದಾಳ. ಕಾಯಂ ಆಗೋ ಆಸಿಗೆ ನನ್ನ ಕೌಂಟರ್ ಬಂದ್ ಮಾಡಿ ಕುಂತಾಳ."

ಇದನ್ನು ಸಾಗಿಸು ಎಂದು ನಾನು ಹೇಳಿರಲಿಲ್ಲ. ಆದರೆ ಆಯಾ ಕಿವಿಗೆ ಬಿದ್ದದ್ದನ್ನು ಬಿಡಲಿಲ್ಲ: "ಬೇಕಂತ ಮಾಡೀರಂತ್ರೀ! ಕಾಯಂ ಆಗೋ ಆಸಿಗೆ ಕೌಂಟರ್ ಬಂದ್ ಮಾಡೀರಂತ!"

ಸಾಲಿನಲ್ಲಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಒಬ್ಬ ಸೀಟಿ ಹೊಡೆದ. ಲ್ಯಾಬಿನ ಬಾಗಿಲು ತೆರೆಯಿತು. ಅವಳು ಚಪ್ಪಲಿ ಸಹ ಹಾಕಿಕೊಳ್ಳದೆ ಬಿಸಿಲಿನಲ್ಲಿ ಅಂಗಳ ದಾಟಿ ಬಂದು ಕಿಟಕಿಯ ಸರಳು ಹಿಡಿದು ನಿಂತಳು. ಎಷ್ಟೋ ವಾರಗಳ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು:

"ಅಕ್ಕ, ಬಂದ್ ಮಾಡೋದಿದ್ರ ಪಾಸ್‌ವರ್ಡ್ ಐತಿ ನನ್ನ ಹತ್ರ. ಕುಂತಲ್ಲೇ ಕುಂತು, ಯಾರಿಗೂ ತಿಳೀದಂಗ ಬಂದ್ ಮಾಡ್ತಿದ್ದೆ. ಅದಕ್ಕ ಇಡೀ ದಿನ ಜಡಿ ಯಾಕ ಹೆಣೀಲಿ?"

ಮಾತು ಸರಿಯಾಗಿತ್ತು. ಅದೇ ಸಂಕಟ. ಎಂಥ ಉತ್ತರ ಥಟ್ಟನೆ ಹೊಳೆಯಿತಲ್ಲ ಇವಳಿಗೆ ಎಂದು ಅದಕ್ಕೂ ಹೊಟ್ಟೆ ಉರಿಯಿತು. ನನಗೆ ಇಂಥವು ಮರುದಿನ ಪಾತ್ರೆ ತಿಕ್ಕುವಾಗ ಹೊಳೆಯುತ್ತವೆ.

"ಲ್ಯಾಬ್ ಚಾಲೂ ಐತಿ, ನಂದು ಬಂದ್ ಐತಿ. ಅದ್ಹೆಂಗ?" ಎಂದೆ, ಬಿಡದೆ.

"ನಂಗೇನು ಗೊತ್ತು? ಹಿಂದಿನ ಸಾಲಿನ ಕಂಪ್ಯೂಟರೂ ನಡಿಯಾಕ ಹತ್ತಿಲ್ಲ. ನಿನ್ನ ಒಬ್ಬಾಕಿಂದ ಕೆಟ್ಟೈತಂತ ತಿಳದೀಯೇನು?"

ಫೋನಿನಲ್ಲಿ ಭಾಯಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಅಕ್ಕಾರ, ಜಗಳ ಸಂಜಿಗೆ ಇಟ್ಕೊಳ್ರಿ, ಇದು ಎಸ್‌ಟಿಡಿ ಐತಿ" ಎಂದರು. "ಚೀಟಿ ನೋಡಿ ಹಾಕ್ರಿ ಅಂತ ಹೇಳ್ರಿ." ಹಾಗೆಯೇ ಅವಳಿಗೆ ಹೇಳಿದೆ.

"ಚೀಟಿ ಕೆರದೀನಿ" ಎಂದಳು ಅವಳು, ಮೊದಲ ಸಲ ತಗ್ಗಿದ ದನಿಯಲ್ಲಿ.

ಅದನ್ನೂ ಫೋನಿಗೆ ಮುಟ್ಟಿಸಿದಾಗ ಭಾಯಿ "ಅಯ್ಯೋ" ಎಂದರು. ಆಮೇಲೆ ಒಂದೊಂದೇ ಹೇಳಿದರು. ಗಿಡ್ಡ, ಉದ್ದ ಎಂದು ನೋಡಬಾರದು. ಯಾರ ತಂತಿ ಎಂದು ನೋಡಬೇಕು. ನನ್ನ ಕುರ್ಚಿ ಹತ್ತಿರವಿದ್ದುದರಿಂದ ನನ್ನ ತಂತಿ ಗಿಡ್ಡ, ಹಾಗಾಗಿ ಅದು ಮೇಲಿನ ಸಾಲಿಗೆ, ಅಂದರೆ ಲ್ಯಾಬಿನ ಒಲೆಗೆ ಹೋಗಿ ಬಿದ್ದಿತ್ತು. ಆಫೀಸಿನ ವಿಳಾಸ ಹೊತ್ತು ಅಲ್ಲಿ ನಿಂತರೆ ಯಾರು ಮಾತಾಡಿಸುತ್ತಾರೆ? ಅದಕ್ಕಿಂತ ದೊಡ್ಡ ಪ್ರಮಾದ ಅಂಗಳದ ತಂತಿಯದು. ಎರಡೂ ಕಡೆಯದನ್ನು ಹೊತ್ತು ತಿರುಗುವ ಅದಕ್ಕೆ ಬಲಗಡೆ ಬೇರೆಯೇ ಒಂಟಿ ತೂತು ಬಿಟ್ಟಿದ್ದರು. ಉದ್ದವಿತ್ತೆಂದು ಅದನ್ನೂ ಕೆಳಗಿನ ಸಾಲಿಗೆ ಸೇರಿಸಿ ಜಡೆ ಹೆಣೆದಿದ್ದಳು. ದೊಡ್ಡ ಪೆಟ್ಟಿಗೆಗೂ ಸಣ್ಣದಕ್ಕೂ ಮಾತೇ ಕತ್ತರಿಸಿಹೋಗಿತ್ತು. ಮೇಲಿನ ಸಾಲಿನವರು ಮಾತ್ರ ತಮ್ಮತಮ್ಮೊಳಗೆ ಮಾತಾಡಿಕೊಂಡು ಸುಖವಾಗಿದ್ದರು.

ಅವಳು ಓಡಿದಳು. ಈ ಸಲ ನಾನು ಆಯಾಳನ್ನು ಕೇಳಲಿಲ್ಲ, ಕಿಟಕಿಗೆ ಬಾಯಿಟ್ಟು ನಾನೇ ಕೂಗಿದೆ.

"ನಂದು ಕೆಳಗಿನ ಸಾಲಿಗೆ!"

"ಹಾಕಿದೆ!"

"ಅಂಗಳದ್ದು ಬಲಕ್ಕ, ಒಂಟಿ ತೂತಿಗೆ!"

"ಜಡಿ ಬಿಚ್ಚವಲ್ದು!"

"ಹೆಣಿಯಾಕ ಬರ್ತಿತ್ತಲ್ಲ, ಬಿಚ್ಚು!"

"ಅಕ್ಕ, ಸುಮ್ನಿರು! ಹಾಕಿದೆ!"

"ಹಂಗಾರ ನಾ ಯಾಕ ನಿಂತೀನ್ರಿ ಬಿಸಲಾಗ?" ಎಂದು ಆಯಾ ಪೊರಕೆ ಎತ್ತಿಕೊಂಡು ಹೋದಳು.

ನಾನು ಕೌಂಟರಿಗೆ ಬಂದು ಗುಂಡಿ ಒತ್ತಿದೆ. ಪ್ರಿಂಟರ್ ಉಸಿರೆಳೆದು ರಸೀದಿ ಬಿಟ್ಟಿತು. ತಂಬ್ರಹಳ್ಳಿಯ ಹುಡುಗಿ ಅದನ್ನು ಕಸಿದುಕೊಂಡು ಓಡಿದಳು. ಊಟಕ್ಕೂ ಏಳದೆ ಸಾಲು ಕರಗಿಸಿದೆ.

ಮಧ್ಯಾಹ್ನ ಕಾರ್ಯದರ್ಶಿಗಳು ಬಂದರು. ಪ್ರಿನ್ಸಿಪಾಲರು ನನ್ನ ಕೌಂಟರಿನ ಮುಂದೆಯೇ ನಿಂತು ವರದಿ ಒಪ್ಪಿಸಿದರು: "ಮುಂಜಾನಿ ನೆಟ್‌ವರ್ಕ್ ಪೂರ್ತಿ ನಿಂತಿತ್ತು ಸರ್. ನಮ್ಮ ಲ್ಯಾಬ್ ಮೇಡಂ ಸರಿ ಮಾಡಿದ್ರು." ಕೆಡಿಸಿದ್ದು ಯಾರೆಂದು ಹೇಳಲು ನನ್ನ ನಾಲಿಗೆ ಹಲ್ಲಿನವರೆಗೆ ಬಂತು. ಅವಳು ಬಾಗಿಲಲ್ಲೇ ನಿಂತಿದ್ದಳು. ಅವಳೇ ಹೇಳುತ್ತಾಳೇನೋ ಎಂದು ನೋಡಿದೆ. ಹೇಳಲಿಲ್ಲ. ನಾನು ಬಾಕಿ ರಸೀದಿಗಳನ್ನು ಜೋಡಿಸುತ್ತ ಕೂತೆ. ಮನೆಯ ಜಗಳಕ್ಕೆ ಅವರನ್ನು ಪಂಚರನ್ನಾಗಿ ಮಾಡುವ ಮನಸ್ಸು ನನಗೂ ಇರಲಿಲ್ಲ.

ದೀಪಾವಳಿಗೆ ಮುಂಚೆ ಹೇಳಿಬಿಟ್ಟರು. ಅವಳನ್ನು ಕಾಯಂ ಮಾಡಿದರು. ಡಿಪ್ಲೊಮಾ ಇದೆ, ಯಂತ್ರ ರಿಪೇರಿ ಮಾಡಬಲ್ಲಳು ಎಂದರು. ಅತ್ತೆ ಎರಡೂ ಒಲೆಗೆ ಸಕ್ಕರೆ ಕಳಿಸಿದರು. ನನ್ನ ಯಜಮಾನರು "ನಮ್ಮ ಮನಿಗೇ ಬಂತಲ್ಲ" ಎಂದು ಕಾರ್ಯದರ್ಶಿಗಳ ಮಾತನ್ನೇ ಆಡಿದರು. ಆ ರಾತ್ರಿ ಅವರಿಗೆ ಉಪ್ಪಿಲ್ಲದ ಸಾರು ಬಡಿಸಿದೆ.

ಕಾಯಂ ಆಗುವವರು ಆರೋಗ್ಯದ ಸರ್ಟಿಫಿಕೇಟ್ ತರಬೇಕಿತ್ತು. ಕೂಡ್ಲಿಗಿಯ ಆಸ್ಪತ್ರೆಗೆ ಹೋಗಬೇಕು. ಮೈದುನನಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ ಅವಳು ಅತ್ತೆಯನ್ನು ದಾಟಿ ನೇರ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು, "ಅಕ್ಕ, ನೀ ಬಾ. ಒಬ್ಬಾಕಿಗೆ ಅಂಜಿಕಿ ಬರತೈತಿ" ಎಂದಳು. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಹೊರಟೆ.

ಬಸ್ಸಿನಲ್ಲಿ ಅವಳು ಕಿಟಕಿ ಹಿಡಿದಳು. ದಾರಿಯುದ್ದಕ್ಕೂ ಅವಳ ಹೊಸ ಸೀರೆಯ ಸೆರಗು ಗಾಳಿಗೆ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ನಾನು ತಲೆ ಹಿಡಿದುಕೊಂಡು ಕೂತಿದ್ದೆ.

"ಯಾರ್ರೀ ಕೆಲಸಕ್ಕ ಸೇರೋರು?" ಎಂದು ಡಾಕ್ಟರು ಕೇಳಿದಾಗ ನಾನು ಗದ್ದದಿಂದ ಅವಳನ್ನು ತೋರಿಸಿದೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಎಲ್ಲ ಸರಿಯಿತ್ತು. ಇರದೆ ಏನು, ಎ.ಸಿ.ಯಲ್ಲಿ ಕೂತ ಮೈ.

"ನಮ್ಮಕ್ಕಂದೂ ನೋಡ್ರಿ ಡಾಕ್ಟ್ರೇ. ಬಸ್ಸಿನಾಗ ತಲಿ ಹಿಡ್ಕೊಂಡು ಕುಂತಿದ್ಲು" ಎಂದಳು.

ಪಟ್ಟಿ ನನ್ನ ತೋಳಿಗೆ ಬಂತು. ಡಾಕ್ಟರು ಒಮ್ಮೆ ನೋಡಿದರು, ಮತ್ತೊಮ್ಮೆ ಊದಿಸಿ ನೋಡಿದರು. "ಇದು ಏರೈತಲ್ಲಮ್ಮಾ. ಮನಿಯಾಗ ಏನಾರ ಚಿಂತಿ ಐತೇನು?"

"ಏನಿಲ್ರಿ."

"ಉಪ್ಪು ಕಡಿಮಿ ಮಾಡ್ರಿ. ಕರದದ್ದು ಮುಟ್ಟಬ್ಯಾಡ್ರಿ."

ಹೊರಗೆ ಬಂದದ್ದೇ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ತಡೆಯಲಾಗಲಿಲ್ಲ. "ಅಕ್ಕ, ಕೆಲಸ ನಂಗ ಕೊಟ್ರು, ಬಿಪಿ ನಿಂಗ ಬಂತಲ್ಲ!"

"ನಗಬೇ, ನಗು" ಎಂದೆ. "ಯಾರ ದೆಸಿಯಿಂದ ಬಂತು ಅಂತ ಡಾಕ್ಟ್ರಿಗೆ ಹೇಳ್ಲಿಲ್ಲ, ಪುಣ್ಯ ಅನ್ಕೋ."

ಬಸ್ ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಂಡಳು. ನನ್ನ ಮುಂದೆ ಬರೀ ಮಂಡಕ್ಕಿಯ ಪೊಟ್ಟಣ ಇಟ್ಟು, ಬಿಸಿಬಿಸಿ ಮೆಣಸಿನಕಾಯಿಗಳನ್ನು ತನ್ನ ಮಡಿಲಿಗೆ ಹಾಕಿಕೊಂಡಳು. ಒಂದನ್ನು ತೊಟ್ಟು ಹಿಡಿದು, ಹಿಟ್ಟಿನ ಗರಿಯನ್ನು ಮೊದಲು ಮುರಿದು ತಿಂದು, ಆಮೇಲೆ ಉಸ್ ಉಸ್ ಎನ್ನುತ್ತ ಕಚ್ಚಿದಳು. ಮೂಗಿನ ತುದಿ ಕೆಂಪಾಯಿತು. ಕಾಯಂ ಆದವಳ ಬಾಯಿ ಎಷ್ಟು ರುಚಿಯಾಗಿ ಆಡುತ್ತಿತ್ತೆಂದರೆ, ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ. ಎರಡನೆಯದಕ್ಕೆ ಅವಳು ಕೈಹಾಕುವಷ್ಟರಲ್ಲಿ ನಾನು ಎತ್ತಿಕೊಂಡೆ.

"ಅಕ್ಕ, ಡಾಕ್ಟ್ರು ಬ್ಯಾಡ ಅಂದಾರ."

"ನಿನ್ನ ಪಾಲಿಂದು ನೀ ತಿಂದಿ" ಎಂದೆ.

ಅವಳು ಮೂರನೆಯದನ್ನು ಎಡಗೈಯಲ್ಲಿ ಮುಚ್ಚಿಕೊಂಡು ಬೆಂಚಿನ ಆ ತುದಿಗೆ ಸರಿದು ಕೂತಳು. ನಾನು ಕೈಯಲ್ಲಿದ್ದುದನ್ನು ತೊಟ್ಟಿನವರೆಗೂ ತಿಂದೆ.